ಮ್ಯಾಲಿನ ಸಾಲು

ಸನತ್‌ನಗರ, ಹೈದರಾಬಾದ್
೮ ಮಾರ್ಚ್ ೨೦೦೯

ಚಿರಂಜೀವಿ ಪ್ರಫುಲ್ಲಾ,

ಎರಡು ಬಸ್ಸು ಬದಲಿಸಿದರೆ ಮುಟ್ಟುವ ದೂರಕ್ಕೆ ಯಾರಾದರೂ ಪತ್ರ ಬರೀತಾರೇನು ಅಂತ ನಗಬೇಡ. ಹೋದ ವಾರ ನೀ ಶಂಶಾಬಾದಿನಿಂದ ಫೋನ್ ಮಾಡಿದಾಗ ನಿಮ್ಮವ್ವ ಅದನ್ನು ನನ್ನ ಕಿವಿಗೆ ಹಿಡಿದಳು. ಡಬ್ಬಿ ಕಾರ್ಖಾನೆಯ ಪ್ರೆಸ್ಸಿನ ಮುಂದೆ ಇಪ್ಪತ್ತೆರಡು ವರ್ಷ ಕೂತ ಕಿವಿ ಇದು. ತಗಡಿನ ಮೇಲೆ ಜೋಳ ಚೆಲ್ಲಿದ ಹಾಗೆ ನಿನ್ನ ದನಿ ಕೇಳಿತೇ ಹೊರತು ಒಂದು ಮಾತೂ ತಿಳಿಯಲಿಲ್ಲ. ನೀ ‘ಬರ್ತೀನಿ’ ಅಂದಿಯೋ ‘ಬರಂಗಿಲ್ಲ’ ಅಂದಿಯೋ ಅಂತ ನಿಮ್ಮವ್ವನ್ನ ಕೇಳಿದೆ. ಆಕಿ ಹೋಗಿ ಒಲೆಯ ಮೇಲಿನ ಹಾಲು ನೋಡಿದಳು. ಹಾಲು ಇನ್ನೂ ಬೆಚ್ಚಗೂ ಆಗಿರಲಿಲ್ಲ. ಅಂದಮೇಲೆ ‘ಬರಂಗಿಲ್ಲ’ ಅಂದಿರಬೇಕು.

ಸಂಕ್ರಾಂತಿಗೆ ಬಂದಾಕಿ ಮತ್ತೆ ಈ ಕಡೆ ಮುಖ ಹಾಕಿಲ್ಲ. ಮೂಲೆಮನೆಯ ಮಲ್ಲಪ್ಪ ವಿಮಾನ ನಿಲ್ದಾಣದ ನೌಕರರ ಬಸ್ಸು ಓಡಿಸುತ್ತಾನಲ್ಲ, ಅವನು ಮೊನ್ನೆ ನಿಂತು ಹೇಳಿದ: “ಅಮ್ಮಾರ, ನಿಮ್ಮ ಮೊಮ್ಮಗಳು ಈ ಬಿಸಲಾಗ ಮುಂಗೈತನಕ ತೋಳಿನ ಅಂಗಿ ಹಾಕ್ಕೊಂಡು ಬರ್ತಾಳ್ರಿ. ಎಲ್ಲಾರೂ ಬೆವತು ನೀರಾದ್ರೂ ಆಕಿ ತೋಳ ಮಡಚಂಗಿಲ್ಲ. ಏನ್ ಫ್ಯಾಷನ್ನೋ!”

ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು. ಆ ತೋಳಿನೊಳಗೆ ಶಿವಾನಂದನ ಹೆಸರು ಇದೆ.

ಮದುವೆಗೆ ಹದಿನೈದು ದಿನ ಇರುವಾಗ ಕೋಠಿ ಪೇಟೆಯಲ್ಲಿ ಮಷೀನಿನಿಂದ ಹಚ್ಚೆ ಹಾಕಿಸಿಕೊಂಡು ಬಂದು ನನ್ನ ಮುಂದೆ ಕೈ ಚಾಚಿ ನಿಂತಿದ್ದಿ. ಬಾತು ಕೆಂಪಗಾಗಿತ್ತು. ಹಾಕಿದವನು ತೆಲುಗಿನವನು, ಅಕ್ಷರಗಳಿಗೆ ತೆಲುಗಿನ ತಲೆಕಟ್ಟು ಕೊಟ್ಟಿದ್ದ. ನಾನು ಅದನ್ನು ನೋಡಿಯೂ ಆಡಿ ತೋರಿಸಲಿಲ್ಲ. ನನ್ನ ತೋಳನ್ನು ನಿನ್ನ ತೋಳಿನ ಪಕ್ಕ ಇಟ್ಟು “ನೀನೂ ನನ್ನಂಗ ಆದಿ” ಅಂದೆ. ಹದಿನಾಲ್ಕು ತಿಂಗಳಿಗೆ ಅವನು ಬಿಟ್ಟುಹೋದ. ಈ ಜನವರಿಯಲ್ಲಿ ಕೋರ್ಟಿನ ಕಾಗದಕ್ಕೂ ಸಹಿ ಆಯಿತು. ಹೆಸರು ಮಾತ್ರ ಅಲ್ಲೇ ಕೂತಿದೆ.

ಸಂಕ್ರಾಂತಿ ದಿನ ನಿಮ್ಮವ್ವ “ಮಂದಿ ಬರ್ತಾರ, ಅದನ್ನ ಮುಚ್ಚಿಕೊಂಡು ಕೂಡು” ಅಂದದ್ದು ತಪ್ಪು. ನಾನು ಕೇಳಿಸದವರ ಹಾಗೆ ಕೂತದ್ದು ಇನ್ನೂ ದೊಡ್ಡ ತಪ್ಪು. ಆಕಿಯ ದನಿ ಫೋನಿನ ದನಿಯಲ್ಲ, ನನಗೆ ಚೆನ್ನಾಗಿಯೇ ಕೇಳಿಸಿತ್ತು.

ಯುಗಾದಿಗೆ ಬಾ. ತೋಳು ಮಡಚಿಕೊಂಡು ಬಾ.

ನಿನ್ನ ಕಿವುಡ ಅಜ್ಜಿ,
ಬಸಲಿಂಗಮ್ಮ

*

ಶಂಶಾಬಾದ್
೧೭ ಮಾರ್ಚ್ ೨೦೦೯

ಅಜ್ಜಿ,

ನಿನ್ನ ಪತ್ರ ಬಂದಾಗ ಹಾಸ್ಟೆಲಿನ ವಾರ್ಡನ್ ಅದನ್ನ ಎಲ್ಲಾರಿಗೂ ತೋರಿಸಿದರು, ಈ ಕಾಲದಾಗ ಲೆಟರ್ ಬಂದೈತಿ ಅಂತ. ನನ್ನ ರೂಮಿನಾಕಿ, ಕರ್ನೂಲಿನ ಹುಡುಗಿ, ಯಾರರೆ ಸತ್ತಾರೇನು ಅಂತ ಕೇಳಿದಳು.

ಅವ್ವನ ಮಾತಿಗೆ ನಾ ಸಿಟ್ಟಾಗಿಲ್ಲ. ಅವ್ವ ಒಂದು ಅಂದ್ರ ನಾ ಎರಡು ಅನಬಹುದು. ನಿನ್ನ ಹತ್ತಿರ ಕೂತ್ರ ಏನೂ ಅನ್ನಾಕ ಬರಂಗಿಲ್ಲ. ನೀ ರೊಟ್ಟಿ ಬಡಿಯುವಾಗ ನಿನ್ನ ತೋಳ ನನ್ನ ಕಣ್ಣ ಮುಂದ ಹೋಗ್ತೈತಿ, ಬರ್ತೈತಿ. ಅಕ್ಷರ ಈಗ ಕೂಡಿಕೊಂಡು ಹಸರ ಕಲೆ ಆಗ್ಯಾವ, ಯಾರಿಗೂ ಓದಾಕ ಬರಂಗಿಲ್ಲ. ಆದ್ರ ಎಲ್ಲಾರಿಗೂ ಗೊತ್ತು, ಅದು ಅಜ್ಜನ ಹೆಸರ. ಅಜ್ಜ ಹೋಗಿ ಎಂಟು ವರ್ಷ ಆದ್ರೂ ನಿನ್ನ ತೋಳ ಬಿಟ್ಟು ಹೋಗಿಲ್ಲ. ನಿನ್ನ ಹೆಸರಿನವರು ನಲವತ್ತು ವರ್ಷ ನಿನ್ನ ಜೋಡಿ ಇದ್ದರು. ನನ್ನ ಹೆಸರಿನವ ಹದಿನಾಲ್ಕು ತಿಂಗಳು ಇದ್ದ. ‘ನನ್ನಂಗ ಆದಿ’ ಅಂದಿದ್ದಿ. ನಾ ಆಗಲಿಲ್ಲ ಅಜ್ಜಿ. ಅದಕ್ಕ ಬರಂಗಿಲ್ಲ.

ಇನ್ನೊಂದು. ವಿಮಾನ ನಿಲ್ದಾಣದ ಕ್ಯಾಂಟೀನಿನಾಗ ಕೂಪನ್ ಹರಿದು ಹರಿದು ಸಾಕಾಗೈತಿ. ಏಪ್ರಿಲ್ ೨೭ಕ್ಕ ಒಂದು ವಿಮಾನ ಕಂಪನಿಯ ಇಂಟರ್‌ವ್ಯೂ ಐತಿ, ಕೌಂಟರಿನಾಗ ನಿಲ್ಲೋ ಕೆಲಸ. ಯೂನಿಫಾರ್ಮಿಗೆ ಅರ್ಧ ತೋಳು. ಕೈಮ್ಯಾಲೆ ಬರಹ ಕಾಣಬಾರದು ಅಂತ ಅರ್ಜಿಯೊಳಗ ಬರದಾರ. ರೂಮಿನಾಕಿಗೆ ಗೊತ್ತಿದ್ದವರು ಒಂದು ಬಾಟಲಿ ತಂದುಕೊಟ್ಟಾರ. ಹಚ್ಚಿದ್ರ ಚರ್ಮದ ಮ್ಯಾಲಿನ ಪದರ ತಿಂದು ಹಾಕ್ತೈತಂತ. ಯುಗಾದಿಗೆ ರಜಾ ಐತಿ, ಆವತ್ತ ಹಚ್ಚಿಕೋತೀನಿ. ಉರೀತೈತಂತ. ಉರೀಲಿ.

ಪ್ರಫುಲ್ಲಾ

*

ಸನತ್‌ನಗರ
೨೧ ಮಾರ್ಚ್ ೨೦೦೯

ಪ್ರಫುಲ್ಲಾ,

ಹಚ್ಚಬ್ಯಾಡ. ಈ ಒಂದು ಶಬ್ದವನ್ನೇ ಪುಟದ ತುಂಬ ಬರೆಯಬೇಕು ಅನಿಸಿತ್ತು.

ನಮ್ಮ ಡಬ್ಬಿ ಕಾರ್ಖಾನೆಯಲ್ಲಿ ಬೆಸುಗೆಯ ಆ್ಯಸಿಡ್ಡು ವಿಶಾಲಾಕ್ಷಿ ಅನ್ನುವಾಕಿಯ ಪಾದದ ಮೇಲೆ ಬಿದ್ದಿತ್ತು. ನಾನೇ ನೀರು ಹುಯ್ದೆ. ಆಕಿಯ ಚರ್ಮ ನನ್ನ ಕೈಗೆ ಬಂತು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಹೆಸರಿದ್ದರೆ ಜನ ಓದಿ ಸುಮ್ಮನಾಗುತ್ತಾರೆ ತಂಗಿ. ಸುಟ್ಟ ಗಾಯ ಇದ್ದರೆ ಸಾಯೋತನಕ ‘ಏನಾತು, ಏನಾತು’ ಅಂತ ಕೇಳುತ್ತಾರೆ. ಆಗ ನೀನು ಬಾಯಿಬಿಟ್ಟು ಅವನ ಹೆಸರು ಹೇಳಬೇಕಾಗುತ್ತದೆ.

ನನ್ನ ತೋಳಿನ ಬಗ್ಗೆ ನೀ ಬರೆದದ್ದಕ್ಕೆ ನಾನು ಹೇಳಬೇಕಾದದ್ದು ಒಂದಿದೆ. ನಿನ್ನೆ ಬರೆಯಲು ಕೂತೆ, ಎರಡು ಸಾಲು ಬರೆದು ಹಾಳೆ ಹರಿದೆ. ಇದು ಇನ್ನೊಂದು ಹಾಳೆ. ಇದರಲ್ಲೂ ಬರೆಯಲು ಆಗುತ್ತಿಲ್ಲ. ಯುಗಾದಿಗೆ ಬಾ, ಬಾಯಿಂದ ಹೇಳುತ್ತೇನೆ. ಅಲ್ಲಿಯತನಕ ಆ ಬಾಟಲಿಯ ಮುಚ್ಚಳ ತೆಗೆಯಬೇಡ. ನನ್ನ ಆಣೆ ಹಾಕುವುದಿಲ್ಲ, ನಿನಗೆ ಆಣೆ ಅಂದರೆ ಚಿಕ್ಕಂದಿನಿಂದ ನಗು.

ಅಜ್ಜಿ

*

ಸನತ್‌ನಗರ
೩೦ ಮಾರ್ಚ್ ೨೦೦೯

ಪ್ರಫುಲ್ಲಾ,

ಯುಗಾದಿಗೆ ನೀನು ಬರಲಿಲ್ಲ. ನಿಮ್ಮವ್ವ ಹೋಳಿಗೆ ಮಾಡಿ ನಿನ್ನ ಪಾಲಿನದನ್ನು ಮುಚ್ಚಿಟ್ಟಳು. ಮೂರನೆಯ ದಿನ ತಾನೇ ತಿಂದಳು, ಗೋಡೆಯ ಕಡೆ ಮುಖ ಮಾಡಿ. ಬಾಗಿಲು ನೋಡಿ ನೋಡಿ ನನಗೂ ಒಂದು ಬುದ್ಧಿ ಬಂತು. ಬಾಯಿಂದ ಹೇಳುತ್ತೇನೆ ಅಂದದ್ದು ಹೇಳದೆ ಉಳಿಯುವುದಕ್ಕೆ ಒಂದು ನೆಪ. ಈಗ ಬರೆಯುತ್ತೇನೆ. ಹರಿಯುವುದಿಲ್ಲ.

ನನ್ನ ತೋಳಿನ ಮೇಲೆ ಇರುವುದು ನಿಮ್ಮಜ್ಜನ ಹೆಸರಲ್ಲ.

ನನಗಾಗ ಹದಿನೇಳು. ಮದುವೆಯಾಗಿ ಎರಡು ವರ್ಷ. ನಿಮ್ಮಜ್ಜ ಕೆಲಸಕ್ಕೆ ಅಂತ ಹೈದರಾಬಾದಿಗೆ ಬಂದಿದ್ದರು, ನಾನು ಲಿಂಗಸೂಗೂರು ಕಡೆ ಅತ್ತಿಮನೆಯಲ್ಲಿದ್ದೆ. ಒಂದು ದಿನ ಎಲ್ಲರೂ ಹೊಲಕ್ಕೆ ಹೋದಾಗ ಹಚ್ಚೆ ಹಾಕುವಾಕಿ ಬಂದಳು. ಗಂಡನ ಹೆಸರು ಹಾಕಿಸಿಕೋ ಅಂತ ಅತ್ತಿ ಮೊದಲೇ ಹೇಳಿದ್ದರು. ನಾನು ಕಟ್ಟೆಯ ಮೇಲೆ ಕೂತು ತೋಳು ಚಾಚಿದೆ.

“ಯಾರ ಹೆಸರವ್ವಾ?” ಅಂದಳು.

ನಾನು ಹೇಗೆ ಹೇಳಲಿ? ಗಂಡನ ಹೆಸರು ಬಾಯಲ್ಲಿ ತರುವಂತಿಲ್ಲ.

“ಹೇಳವ್ವಾ. ನನಗ ಅಕ್ಷರ ಬರಂಗಿಲ್ಲ, ಕೇಳಿಕೊಂಡು ಹೋಗಿ ಅಂಗಡ್ಯಾವನ ಕಡೆ ಬರಸ್ಕೊಂಡು ಬರ್ತೀನಿ.”

“ಅಂಗಡ್ಯಾವನ ಮುಂದ ಅವರ ಹೆಸರ ಹೇಳ್ತೀಯೇನು? ಬ್ಯಾಡ.”

ಗೂಡಿನಲ್ಲಿ ಒಂದು ಕಾರ್ಡು ಇತ್ತು. ನಮ್ಮ ಮಾವ ಮಗನಿಗೆ ಅಂತ ಸಾಲಿ ಮಾಸ್ತರರಿಂದ ಬರೆಸಿ, ಟಪಾಲಿಗೆ ಹಾಕಲು ಇಟ್ಟದ್ದು. ಬರೆಸಿ ತಂದ ದಿನ ಮಾವ ಅತ್ತಿಗೆ ತೋರಿಸಿ, “ನೋಡು, ಮ್ಯಾಲೆ ನಿನ್ನ ಮಗನ ಹೆಸರ ಐತಿ” ಅಂದಿದ್ದು ನಾನು ಕೇಳಿದ್ದೆ. ಕಾರ್ಡು ತಂದು ಆಕಿಯ ಕೈಗೆ ಕೊಟ್ಟೆ. “ಮ್ಯಾಲಿನ ಸಾಲು ಹಾಕು” ಅಂದೆ.

ಮ್ಯಾಲಿನ ಸಾಲನ್ನೇ ಹಾಕಿದಳು. ದೀಪದ ಮಸಿ, ಸೊಪ್ಪಿನ ರಸ, ಮೂರು ಸೂಜಿ ಕೂಡಿಸಿ ಕಟ್ಟಿದ್ದು. ಕಾರ್ಡನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದುಕೊಂಡು ನೋಡಿ ನೋಡಿ ಚುಚ್ಚಿದಳು. ನೋವು ಮರೆಯಲಿ ಅಂತ ಹಾಡಿದಳು, ಹಾಡು ಕೇಳಿ ನೋವು ಹೆಚ್ಚಾಯಿತು. ಎಲ್ಲ ಮುಗಿದ ಮೇಲೆ ಹೆಸರಿನ ಕೊನೆಗೆ ಒಂದು ಸಣ್ಣ ಬಾಲ ಕಂಡಿತು. “ಇದೇನು?” ಅಂದೆ. “ಕಾಗದದಾಗ ಐತಿ, ಹಾಕೀನಿ. ಗಂಡಸರ ಹೆಸರಿಗೆ ಬಾಲ ಇರ್ತೈತವ್ವಾ” ಅಂದಳು. ನಾನು ನಂಬಿದೆ.

ಅದೇ ವರ್ಷ ಪಂಚಮಿಗೆ ಇವರು ಊರಿಗೆ ಬಂದರು. ನನ್ನ ಕೈ ಹಿಡಿದು ಬಾಗಿಲ ಬೆಳಕಿಗೆ ಒಯ್ದರು. ಭಾಳ ಹೊತ್ತು ನೋಡಿದರು. ತುಟಿ ಅಲ್ಲಾಡಿತು. “ನನ್ನ ಹೆಸರ ಭಾಳ ಚಲೋ ಬಂದೈತಿ” ಅಂದರು. ಆಮೇಲೆ ನಾವು ಇಲ್ಲಿ ಸನತ್‌ನಗರಕ್ಕೆ ಬಂದು ಮನೆ ಮಾಡಿದೆವು. ಯಾರೇ ಬರಲಿ, “ನೋಡ್ರಿ, ನಮ್ಮಾಕಿ ನನ್ನ ಹೆಸರ ಹಾಕಿಸ್ಕೊಂಡಾಳ” ಅಂತ ನನ್ನ ತೋಳು ತೋರಿಸುವರು.

ನಿಮ್ಮವ್ವ ಶಿವದೇವಿ ಇಲ್ಲಿಯ ಕನ್ನಡ ಸಾಲಿಗೆ ಹೋಗಲು ಶುರುಮಾಡಿದಾಗ ನನಗೆ ಮೂವತ್ತು. ಆಕಿ ಅಂಕಲಿಪಿ ಹಿಡಿದು ಕೂಗುವಳು, ನಾನು ರೊಟ್ಟಿ ಬಡಿಯುತ್ತ ಕದ್ದು ನೋಡುವೆ. ನಿಮ್ಮಜ್ಜನ ಹೆಸರಿನ ಮೊದಲ ಅಕ್ಷರವೇ ಅಂಕಲಿಪಿಯ ಮೊದಲ ಅಕ್ಷರ. ಅದನ್ನು ಕಲಿತ ದಿನ ಓಡಿಹೋಗಿ ಬಚ್ಚಲಲ್ಲಿ ತೋಳು ನೋಡಿಕೊಂಡೆ. ‘ಅ’ ಎಲ್ಲೂ ಇರಲಿಲ್ಲ. ಹಚ್ಚೆ ಹಾಕಿದಾಕಿ ಡೊಂಕು ಮಾಡಿರಬೇಕು ಅಂದುಕೊಂಡೆ. ಎರಡು ದಿನ ಬಿಟ್ಟು ‘ಇ’ ಬಂತು. ಅದು ಇತ್ತು. ಎಲ್ಲಕ್ಕಿಂತ ಮುಂದೆ ಕೂತಿತ್ತು. ಉಳಿದ ಮೂರು ಅಕ್ಷರ ಕಲಿಯಲು ತಿಂಗಳು ಹಿಡಿಯಿತು. ಕಲಿತು, ಕೂಡಿಸಿ ಓದಿದೆ.

ಇವರಿಗೆ.

ವಿಳಾಸದ ಮೇಲೆ ಬರೆಯುತ್ತಾರಲ್ಲ, ಹೆಸರಿಗಿಂತ ಮೊದಲು, ಆ ‘ಇವರಿಗೆ’. ಬಾಲ ಅಂದದ್ದು ಅಲ್ಪವಿರಾಮ. ಹೆಸರು ಅದರ ಕೆಳಗಿನ ಸಾಲಿನಲ್ಲಿತ್ತು.

ಅವರಿಗೆ ಓದಲು ಬರುತ್ತಿತ್ತು ಪ್ರಫುಲ್ಲಾ. ಹದಿಮೂರು ವರ್ಷ ನನ್ನ ತೋಳು ಓದಿಕೊಂಡು ಸುಮ್ಮನಿದ್ದರು. ಮೊದಲು ಸಿಟ್ಟು ಬಂತು. ಮೂರು ದಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ಅವರು ಅದನ್ನೂ ಸುಮ್ಮನೆ ಉಂಡರು. ಆಮೇಲೆ ನಾಚಿಕೆ. ನನಗೆ ಓದಲು ಬರುತ್ತದೆ ಅಂತ ಅವರಿಗೆ ಹೇಳಲೇ ಇಲ್ಲ. ಅವರಿರುವತನಕ ಕಾರ್ಖಾನೆಯಲ್ಲಿ ಪಗಾರದ ದಿನ ಹೆಬ್ಬೆಟ್ಟೇ ಒತ್ತಿದೆ. ಕಿರಾಣಿ ಪೊಟ್ಟಣದ ಕಾಗದ ಕದ್ದು ಓದಿದೆ, ಸ್ಲೇಟನ್ನು ಜೋಳದ ಡಬ್ಬಿಯ ಹಿಂದೆ ಇಟ್ಟೆ. ಅವರು ಹೋದ ಮೇಲೆ ಬ್ಯಾಂಕಿನ ಕಾಗದಕ್ಕೆ ಸಹಿ ಮಾಡಿದಾಗ ನಿಮ್ಮವ್ವ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದು ನಿನಗೆ ನೆನಪಿರಬೇಕು.

ಒಂದು ವಿಷಯ ಇದನ್ನು ಬರೆಯುತ್ತಾ ಈಗ ಹೊಳೆಯುತ್ತಿದೆ. ‘ನನ್ನ ಹೆಸರ ಹಾಕಿಸ್ಕೊಂಡಾಳ’ ಅಂತ ಬಂದವರಿಗೆಲ್ಲ ತೋರಿಸುತ್ತಿದ್ದರಲ್ಲ. ಅಂಕಲಿಪಿಯ ವರ್ಷದ ನಂತರ ಆ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ. ಜೋಳದ ಡಬ್ಬಿಯನ್ನು ಅವರೂ ಸರಿಸುತ್ತಿದ್ದರು, ಹಿಂದಿನ ಸ್ಲೇಟು ಕಂಡಿರಬೇಕು.

ನಿನಗೆ ಇದನ್ನು ಯಾಕೆ ಹೇಳಿದೆ ಅಂದರೆ, ನೀನು ನನ್ನ ತೋಳಿಗೆ ನಾಚಿ ನಿನ್ನ ತೋಳು ಸುಡಲು ಹೊರಟಿದ್ದಿ. ನಾಚುವಂಥದ್ದು ಇಲ್ಲಿ ಏನೂ ಇಲ್ಲ. ಹಾಕಿಸಿಕೊಂಡ ಬಸಲಿಂಗಿಗೆ ಅದು ಗಂಡನ ಹೆಸರು. ಓದಿದ ಬಸಲಿಂಗಮ್ಮನಿಗೆ ಅದು ಮೋಸ. ಇವತ್ತು ಬರೆಯುತ್ತಿರುವ ಮುದುಕಿಗೆ ಏನೋ ಇನ್ನೂ ಗೊತ್ತಿಲ್ಲ. ಮೂವರೂ ನಾನೇ. ಮೊದಲಿನಾಕಿಯ ಮೇಲೆ ನನಗೆ ಸಿಟ್ಟಿಲ್ಲ, ಆಕಿ ಪಾಪ ಭಾಳ ಸಂತೋಷದಿಂದ ಕೂತಿದ್ದಳು. ಕೋಠಿಯಲ್ಲಿ ಕೈ ಚಾಚಿ ಕೂತಿದ್ದ ನೀನೂ ಹಾಗೇ. ಆ ಹುಡುಗಿ ಯಾರದೂ ಏನೂ ಕದ್ದಿಲ್ಲ. ಹೆಸರು ಬೇಡ ಅಂದರೆ ತೆಗೆಸು, ಡಾಕ್ಟರರ ಹತ್ತಿರ ಹೋಗಿ ತೆಗೆಸು, ನಾನು ಜೊತೆಗೆ ಬಂದು ಇನ್ನೊಂದು ಕೈ ಹಿಡಿದುಕೊಳ್ಳುತ್ತೇನೆ. ಆ ಹುಡುಗಿಯನ್ನು ಮಾತ್ರ ಸುಡಬೇಡ.

ಇದು ನಿಮ್ಮವ್ವನಿಗೂ ಗೊತ್ತಿಲ್ಲ.

ಬಸಲಿಂಗಮ್ಮ

*

ಶಂಶಾಬಾದ್
೮ ಏಪ್ರಿಲ್ ೨೦೦೯

ಅಜ್ಜಿ,

ನಿನ್ನ ಪತ್ರ ಆರು ದಿನ ತಡ ಆತು.

ಯುಗಾದಿ ದಿನಾನ ಹಚ್ಚಿಕೊಂಡೆ. ಮೊದಲನೇ ಅಕ್ಷರಕ್ಕ ಹಚ್ಚಿದೆ, ‘ಶಿ’ಗೆ. ಎರಡನೇದಕ್ಕ ಕೈ ಹೋಗಲಿಲ್ಲ. ಬಾಟಲಿ ನೆಲಕ್ಕ ಬಿತ್ತು. ರೂಮಿನಾಕಿ ಕೂಗಿಕೋತ ನಳದ ಕೆಳಗ ನನ್ನ ಕೈ ಹಿಡಿದು ಅರ್ಧ ತಾಸು ನಿಂತಳು. ದವಾಖಾನಿಯ ಚರ್ಮದ ಡಾಕ್ಟರಮ್ಮ ಬೈದರು, ಆಮ್ಯಾಲೆ ಪಟ್ಟಿ ಕಟ್ಟಿದರು. ಗಾಯ ಮಾಗಿದ ಮ್ಯಾಲೆ ಲೇಸರಿನಿಂದ ಸ್ವಲ್ಪ ಸ್ವಲ್ಪ ತೆಗೀಬಹುದು, ವರ್ಷ ಹಿಡೀತೈತಿ ಅಂದ್ರು. ಅಳಬ್ಯಾಡ. ವಿಶಾಲಾಕ್ಷಿಯಷ್ಟು ಆಗಿಲ್ಲ.

ಈಗ ನನ್ನ ಕೈಯಾಗ ‘ವಾನಂದ’ ಉಳದೈತಿ. ಪಟ್ಟಿ ಬಿಚ್ಚಿದ ದಿನ ರೂಮಿನಾಕಿ ಓದಿ “ಎವರೇ ಈ ವಾನಂದ?” ಅಂದಳು, ಯಾರೇ ಅವ ಅಂತ. ನಿನಗ ನೆನಪೈತಲ್ಲ, ತೆಲುಗಿನ ತಲೆಕಟ್ಟು. ತೆಲುಗಿನಾಗ ‘ವಾನ’ ಅಂದ್ರ ಮಳಿ. ದಿನಾ ಡ್ಯೂಟಿಗೆ ಹೊಂಟಾಗ “ಕೈಯಾಗ ಮಳಿ ಐತಿ, ಬಿಸಲಿಗೆ ಕೊಡಿ ಯಾಕ ಬೇಕು ನಿನಗ” ಅಂತಾಳ. ಜನವರಿಯಿಂದ ನಾ ನಕ್ಕಿದ್ದು ಅದೇ ಮೊದಲು.

ನಿನ್ನ ಪತ್ರ ನಾಕು ಸಲ ಓದಿದೆ. ಒಂದು ಕೇಳ್ತೀನಿ, ಹೇಳು. ನ್ಯಾಯದ ಮಾತು. ಅಜ್ಜಗ ನೀ ಏನಂತ ಕರೀತಿದ್ದಿ? ನಾ ಸಣ್ಣಾಕಿದ್ದಾಗಿಂದ ಕೇಳಿದ್ದು ಒಂದ. “ಇವರು ಬಂದ್ರು.” “ಇವರಿಗೆ ಜ್ವರ ಬಂದೈತಿ.” “ಪಮ್ಮೀ, ಇವರಿಗೆ ಚಹಾ ಕೊಟ್ಟು ಬಾ.” ನಿನ್ನ ಬಾಯಾಗ ಅಜ್ಜಗ ಬ್ಯಾರೆ ಹೆಸರ ಇತ್ತೇನು? ಈ ಪತ್ರದಾಗೂ ‘ಇವರು ಊರಿಗೆ ಬಂದರು’ ಅಂತ ಬರದೀ, ನೋಡಿಕೋ. ಹಚ್ಚಿ ಹಾಕಾಕಿ ತಪ್ಪು ಹಾಕಿಲ್ಲ ಅಜ್ಜಿ. ನೀ ಕರಿಯೂ ಹೆಸರನ್ನ ಹಾಕ್ಯಾಳ.

ಅಜ್ಜ ಓದಿದ ಕೂಡಲೇ ‘ನನ್ನ ಹೆಸರ’ ಅಂದದ್ದು ಸುಳ್ಳಲ್ಲ ಅನಸ್ತೈತಿ.

ಇಂಟರ್‌ವ್ಯೂಗೆ ನನ್ನ ಸಾಲಿ ಸರ್ಟಿಫಿಕೇಟ್ ಬೇಕು. ಅಜ್ಜನ ಟ್ರಂಕಿನಾಗ ಪ್ಲಾಸ್ಟಿಕ್ ಚೀಲದಾಗ ಎಲ್ಲಾರ ಕಾಗದ ಕೂಡೇ ಅದಾವ. ಹುಡುಕೂದ ಬ್ಯಾಡ, ಚೀಲಾನ ಕಳಿಸು, ನಾ ತಗೊಂಡು ಉಳಿದದ್ದು ತರ್ತೀನಿ. ಅವ್ವಗ ಗಾಯದ ವಿಷಯ ಹೇಳು. ನನಗ ಹೇಳಾಕ ಆಗಂಗಿಲ್ಲ.

ಪಮ್ಮಿ

*

ಸನತ್‌ನಗರ
೧೪ ಏಪ್ರಿಲ್ ೨೦೦೯

ಪಮ್ಮೀ,

ಆರು ದಿನ. ಯುಗಾದಿಗೆ ಮುಂಚಿನ ಪತ್ರದಲ್ಲಿ ಹಾಳೆ ಹರಿಯದೆ ಬರೆದಿದ್ದರೆ ನಿನ್ನ ಕೈ ಉಳಿಯುತ್ತಿತ್ತು. ಈ ಮಾತು ನನ್ನ ಹತ್ತಿರ ಇರಲಿ. ನೀನು ಸಮಾಧಾನ ಹೇಳಬೇಡ.

ನೀ ಕೇಳಿದ್ದಕ್ಕೆ ಏನು ಬರೆಯಲಿ? ಮೂವತ್ತೈದು ವರ್ಷದಿಂದ ಓದುತ್ತಿದ್ದೇನೆ. ಅಕ್ಷರ ಕೂಡಿಸಿದೆ, ಅರ್ಥ ಕೂಡಿಸಲಿಲ್ಲ. ನಿನ್ನ ಪತ್ರ ಮಡಚಿಟ್ಟು ಹೊರಗೆ ಕಟ್ಟೆಯ ಮೇಲೆ ಕೂತೆ. ಪಕ್ಕದ ಮನೆಯಾಕಿ “ಏನ್ರಿ ಅಮ್ಮಾರ, ಒಬ್ಬರ ನಗಾಕತ್ತೀರಿ?” ಅಂದಳು. ಕೇಳಿಸದವರ ಹಾಗೆ ಇದ್ದೆ. ಕಿವುಡಿಗೆ ಅಷ್ಟಾದರೂ ಅನುಕೂಲ ಇರಲಿ.

ನಿಮ್ಮವ್ವನಿಗೆ ಎಲ್ಲ ಹೇಳಿದೆ, ನಿನ್ನ ಗಾಯ, ನನ್ನ ತೋಳು, ಎರಡನ್ನೂ. ಆಕಿ ಸಂಜೆ ತನಕ ಟ್ರಂಕಿನ ಮುಂದೆ ಕೂತು ಚೀಲ ತೆಗೆದಳು, ಕಟ್ಟಿದ ದಾರವನ್ನೂ ಬಿಚ್ಚದೆ ಹಾಗೇ ಇಟ್ಟಳು. ಆಮೇಲೆ ತನ್ನ ಹಳೆಯ ಮೆತ್ತನೆಯ ಸೀರೆ ಹರಿದು ಪಟ್ಟಿ ಮಾಡಿದಳು. ನಿನ್ನ ಒಂದು ಕುರ್ತಾದ ತೋಳು ಕತ್ತರಿಸಿ ಮೊಣಕೈಗೆ ಹೊಲಿದಿದ್ದಾಳೆ. “ಗಾಳಿ ಆಡಬೇಕು” ಅಂದಳು, ಸೂಜಿಯ ಕಡೆ ನೋಡುತ್ತ. ಶೇಂಗಾ ಚಟ್ನಿಪುಡಿ ಇದೆ. ಮಲ್ಲಪ್ಪನ ಬಸ್ಸಿನಲ್ಲಿ ಬರುತ್ತದೆ.

ಆಕಿ ಹೊಲಿದ ತೋಳನ್ನು ನೀನು ಪತ್ರ ಅಂತಲೇ ಓದಿಕೋ. ಆಕಿಗೆ ಬರೆಯಲು ಬರುತ್ತದೆ, ಇಂಥದ್ದನ್ನು ಬರೆಯಲು ಬರುವುದಿಲ್ಲ.

ಅಜ್ಜಿ

*

ಶಂಶಾಬಾದ್
೩ ಮೇ ೨೦೦೯

ಅಜ್ಜಿ,

ಮೊದಲು ಇಂಟರ್‌ವ್ಯೂ. ಅವ್ವ ಹೊಲಿದ ಕುರ್ತಾ ಹಾಕ್ಕೊಂಡು ಹೋದೆ. ಮುಚ್ಚಲಿಲ್ಲ. ಎದುರಿಗೆ ಕೂತ ಮೇಡಂ ಕೈ ನೋಡಿ “ಇದೇನು?” ಅಂದ್ರು. “ಒಂದು ಹೆಸರು ಇತ್ತು ಮೇಡಂ, ಅರ್ಧ ಹೋಗೈತಿ, ಉಳಿದದ್ದು ವರ್ಷದಾಗ ಹೋಗ್ತೈತಿ” ಅಂದೆ. ಕೌಂಟರಿಗೆ ಬ್ಯಾಡ ಅಂದ್ರು. ಎದ್ದೆ. “ಕೂಡು, ಮುಗಿದಿಲ್ಲ” ಅಂದ್ರು. ಕಳೆದುಹೋದ ಪೆಟ್ಟಿಗಿಗಳ ವಿಭಾಗ ಒಳಗ ಐತಂತ. ಚೀಟಿ ಹರಿದುಹೋದ ಪೆಟ್ಟಿಗಿ ಯಾರವು ಅಂತ ಹುಡುಕಿ, ವಿಳಾಸ ಬರದು ಕಳಿಸೂದು. ಜೂನ್ ಒಂದಕ್ಕ ಸೇರಬೇಕು. ಯಾರ ಹೆಸರ ಯಾವುದರ ಮ್ಯಾಲೆ ಇರಬೇಕು ಅಂತ ಹುಡುಕೂ ಕೆಲಸ ಅಜ್ಜಿ! ನಮ್ಮ ಮನ್ಯಾಗ ನಿನ್ನ ಬಿಟ್ರ ಅದಕ್ಕ ಯೋಗ್ಯ ಇದ್ದಾಕಿ ನಾನ.

ಈಗ ಇನ್ನೊಂದು. ಇದನ್ನ ಕೂತು ಓದು.

ಚೀಲದಾಗ ನನ್ನ ಸರ್ಟಿಫಿಕೇಟ್ ಹುಡುಕುವಾಗ ಅಜ್ಜನ ನೌಕರಿ ಕಾಗದದ ಒಳಗ ಒಂದು ಹಳೇ ಕಾರ್ಡ್ ಸಿಕ್ತು. ಅಂಚೆಯ ಮುದ್ರಿ ಒಳಗ ೧೯೬೧ ಐತಿ. ಹಿಂದಿನ ಮಗ್ಗಲಕ ಜೋಳದ ಬೆಳಿ, ಎತ್ತಿನ ಕಾಲು ನೋವು, ‘ಎಲ್ಲಾರೂ ಕ್ಷೇಮ’. ಮುಂದಿನ ಮಗ್ಗಲಕ ವಿಳಾಸ. ಮ್ಯಾಲಿನ ಸಾಲು: ಇವರಿಗೆ, ಅದರ ಕೆಳಗ: ಶ್ರೀ ಅಮರೇಶಪ್ಪ. ಊರಿನ ಹೆಸರ ಇಂಗ್ಲಿಷಿನಾಗ.

‘ಇವರಿಗೆ’ ಪಕ್ಕದಾಗ ಒಂದು ಕರೀ ಹೆಬ್ಬೆಟ್ಟಿನ ಗುರುತು. ಗೆರಿ ಗೆರಿ ಇನ್ನೂ ಕಾಣ್ತಾವ.

ನೀ ಹಚ್ಚಿ ಹಾಕಿಸ್ಕೊಂಡ ಮ್ಯಾಲೆ ನಿಮ್ಮ ಮಾವ ಅದನ್ನ ಟಪಾಲಿಗೆ ಹಾಕ್ಯಾರ. ಅಜ್ಜ ಪಂಚಮಿಗೆ ಊರಿಗೆ ಬರೂಕಿಂತ ಮೊದಲ ಕಾರ್ಡ್ ಅಜ್ಜನ ಕೈಯಾಗ ಇತ್ತು. ಅದಕ್ಕ ಬಾಗಿಲ ಬೆಳಕಿನಾಗ ಓದಿದ ಕೂಡಲೇ ಎಲ್ಲಾ ತಿಳದೈತಿ.

ಆ ಗುರುತಿನ ಕೆಳಗ ಪೆನ್ಸಿಲಿನಿಂದ ಸಣ್ಣಗ, ಅಜ್ಜನ ಅಕ್ಷರದಾಗ ಬರದೈತಿ: ‘ಬಸಲಿಂಗಿಯ ಬೆರಳು.’

ನಲವತ್ತು ವರ್ಷ ನೌಕರಿ ಕಾಗದದ ಜೋಡಿ ಇಟ್ಟಾರ.

ಶನಿವಾರ ಮೊದಲ ಲೇಸರ್. ಡಾಕ್ಟರಮ್ಮ ಸುಟ್ಟ ಕಡೆ ಈಗ ಮುಟ್ಟಂಗಿಲ್ಲಂತ, ಆ ತುದಿಯ ‘ದ’ದಿಂದ ಶುರು ಮಾಡ್ತಾರ. ನೀ ಬರಬ್ಯಾಡ, ರೂಮಿನಾಕಿ ಕೈ ಹಿಡೀತೀನಿ ಅಂದಾಳ. ಭಾನುವಾರ ನಾ ಮನೀಗೆ ಬರ್ತೀನಿ. ಅರ್ಧ ತೋಳಿನಾಗ. ಕಾರ್ಡ್ ತರ್ತೀನಿ.

ಪಮ್ಮಿ

*

ಸನತ್‌ನಗರ, ಹೈದರಾಬಾದ್
೧೧ ಮೇ ೨೦೦೯

ಇವರಿಗೆ,

ಕೆಳಗಿನ ಸಾಲಿನಲ್ಲಿ ಹೆಸರು ಬರೆಯಬೇಕು. ಬರೆಯುವುದಿಲ್ಲ. ಇಷ್ಟು ವರ್ಷ ಬಾಯಲ್ಲಿ ತಾರದ್ದನ್ನು ಈಗ ಕೈಯಲ್ಲಿ ಯಾಕೆ? ನೀವು ಇಷ್ಟರಲ್ಲೇ ತಿಳಿದುಕೊಂಡವರು.

ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ದೂರ ಇದ್ದಾಗ ನನಗೆ ಬರೆಯಲು ಬರುತ್ತಿರಲಿಲ್ಲ. ಬರೆಯಲು ಬಂದಾಗ ನೀವು ಪಕ್ಕದಲ್ಲೇ ಕೂತಿದ್ದಿರಿ, ಮುಚ್ಚಿಟ್ಟುಕೊಂಡೆ. ನನ್ನ ತೋಳಿನ ಮೇಲೆ ವಿಳಾಸದ ಒಂದು ಸಾಲು ಮಾತ್ರ ಇತ್ತು, ಒಳಗಿನ ಪತ್ರ ಇರಲಿಲ್ಲ.

ನಿನ್ನೆ ಪಮ್ಮಿ ಬಂದಳು. ಅರ್ಧ ತೋಳಿನಲ್ಲಿ, ಬಸ್ಸಿನಲ್ಲಿ, ಎಲ್ಲರ ಕಣ್ಣ ಮುಂದೆ. ಒಂದು ಕಡೆ ಸುಟ್ಟ ಗುಲಾಬಿ ಚರ್ಮ, ಇನ್ನೊಂದು ಕಡೆ ಲೇಸರಿನ ಬಾವು, ನಡುವೆ ಎರಡು ಮೂರು ಅಕ್ಷರ. ಶಿವದೇವಿ ಬಾಗಿಲಲ್ಲೇ ನಿಂತಿದ್ದಳು. ಮಗಳ ಕೈ ನೋಡಿ ಬೈಯುತ್ತಾಳೆ ಅಂತ ನಾನು ಕಾಯ್ದೆ. ಆಕಿ ಆ ಅಕ್ಷರಗಳ ಮೇಲೆ ಬೆರಳಿಟ್ಟು ಓದಿ, “ವಾನ... ಮಳಿ ಬರೂತನಕ ಇಲ್ಲೇ ಇರು” ಅಂದಳು. ಜೂನ್ ಒಂದಕ್ಕೆ ಕೆಲಸಕ್ಕೆ ಸೇರುವತನಕ ಇರುತ್ತೇನೆ ಅಂದಳು ಹುಡುಗಿ. ರಜೆ ಕೇಳಿಕೊಂಡೇ ಬಂದಿದ್ದಾಳೆ. ಎರಡು ಹೋಳಿಗೆ ಹೆಚ್ಚು ತಿಂದಳು. ಯುಗಾದಿಯದು ಅಂತ ಲೆಕ್ಕ.

ಊಟವಾದ ಮೇಲೆ ಮೂವರೂ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ನಿಮ್ಮ ಪೆನ್ಸಿಲಿನ ಅಕ್ಷರ ನಾನೇ ಓದಿದೆ, ಜೋರಾಗಿ, ಯಾರ ಸಹಾಯವೂ ಇಲ್ಲದೆ. ಪಮ್ಮಿಯ ಕಣ್ಣು ತುಂಬಿತು. ಶಿವದೇವಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರಿಬ್ಬರೂ ಹೆದರಿದರು, ಮುದುಕಿಗೆ ಏನೋ ಆಯಿತು ಅಂತ.

ಅದು ನನ್ನ ಬೆರಳು ಅಲ್ರಿ. ಹಚ್ಚೆ ಹಾಕಿದಾಕಿಯ ಬೆರಳು. ಆಕಿಯೇ ಕಾರ್ಡು ಒತ್ತಿ ಹಿಡಿದು ಚುಚ್ಚಿದ್ದು. ನನ್ನ ಇನ್ನೊಂದು ಕೈ ಆಗ ಹಲ್ಲಿನ ನಡುವೆ ಇತ್ತು, ಕೂಗಬಾರದು ಅಂತ. ನಾನು ನಿಮ್ಮ ಹೆಸರು ಅಂತ ಬೇರೆ ಏನನ್ನೋ ಹೊತ್ತುಕೊಂಡು ಓಡಾಡಿದೆ. ನೀವು ನನ್ನ ಬೆರಳು ಅಂತ ಯಾರದೋ ಹೆಬ್ಬೆಟ್ಟನ್ನು ನಲವತ್ತು ವರ್ಷ ಜೋಪಾನ ಮಾಡಿದಿರಿ. ನೀವು ನನಗೆ ಹೇಳಲಿಲ್ಲ, ನಾನು ನಿಮಗೆ ಹೇಳಲಿಲ್ಲ. ಈಗ ಸಮ ಆಯಿತು.

ಪಮ್ಮಿ ಕೇಳಿದಳು, “ಅಜ್ಜಿ, ತಪ್ಪು ಅಂತ ಬರದು ತಿದ್ದೋಣೇನು?” ಬೇಡ ಅಂದೆ. ಕಾರ್ಡನ್ನು ನಿಮ್ಮ ನೌಕರಿ ಕಾಗದದೊಳಗೆ ಇದ್ದ ಹಾಗೇ ಇಡಿಸಿದೆ. ಈ ಪತ್ರವನ್ನೂ ಅದರ ಜೊತೆಗೆ ಇಡುತ್ತೇನೆ.

ನನಗೆ ಸಹಿ ಮಾಡಲು ಚೆನ್ನಾಗಿ ಬರುತ್ತದೆ, ಬ್ಯಾಂಕಿನವರೇ ಹೇಳುತ್ತಾರೆ. ಆದರೂ ಇವತ್ತು ಪಮ್ಮಿಯ ಪೆನ್ನಿನ ಮಸಿ ಹಚ್ಚಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದೇನೆ. ಗೆರೆಗಳನ್ನು ಸರಿಯಾಗಿ ನೋಡಿಕೊಳ್ಳಿರಿ.

ಇದು ಖರೇನ ನಂದು.

ಬಸಲಿಂಗಿ